ಬಹುಕಾಲ ನಿಲ್ಲಿಸಿಡುವ ಕಾರಿನ ಎಂಜಿನ್ ರಕ್ಷಣೆ: ಸದಸ್ಯರಿಗೆ ಸೂಚನೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ. ಕಾರನ್ನು ತಿಂಗಳುಗಟ್ಟಲೆ ಬಳಸದೆ ನಿಲ್ಲಿಸಲಿರುವವರು ದಯವಿಟ್ಟು ಇದನ್ನು ಗಮನಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಎಂಜಿನ್ ಆಯಿಲ್. ಬಳಸಿದ ಆಯಿಲ್‌ನಲ್ಲಿ ಇಂಧನ ಉರಿದಾಗ ಹುಟ್ಟಿದ ಆಮ್ಲಗಳೂ ನೀರಿನ ಅಂಶವೂ ಸೇರಿರುವುದರಿಂದ, ಅದು ಬಹುಕಾಲ ಒಳಗೇ ನಿಂತರೆ ಬೇರಿಂಗ್‌ಗಳ ನುಣುಪಾದ ಮೈಯನ್ನು ನಿಧಾನವಾಗಿ ಕೊರೆಯುತ್ತದೆ. ಆದ್ದರಿಂದ ಆಯಿಲನ್ನೂ ಫಿಲ್ಟರನ್ನೂ ಮೊದಲೇ ಬದಲಾಯಿಸಿ, ಹೊಸ ಆಯಿಲ್ ಎಲ್ಲ ಭಾಗಗಳಿಗೂ ತಲುಪುವಂತೆ ಸ್ವಲ್ಪ ದೂರ ಓಡಿಸಿದ ನಂತರವೇ ಕಾರನ್ನು ನಿಲ್ಲಿಸಬೇಕು.

ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಕಾರಣ, ಒಳಗೆ ಗಾಳಿಗೆ ಹೆಚ್ಚು ಜಾಗ ಉಳಿಯದಂತೆ ಟ್ಯಾಂಕನ್ನು ಬಹುತೇಕ ತುಂಬಿಸಿಡುವುದು ಒಳ್ಳೆಯದು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಡಿ.

ಆಗಾಗ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವ ಅಭ್ಯಾಸ ಅನೇಕರಲ್ಲಿದೆ. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಣ್ಣಗಿರುವ ಎಂಜಿನ್‌ನಲ್ಲಿ ಇಂಧನ ಉರಿದಾಗ ಉಂಟಾಗುವ ನೀರಾವಿ, ಆಯಿಲ್ ಪೂರ್ತಿ ಬಿಸಿಯಾಗದ ಹೊರತು ಹೊರಹೋಗದೆ, ಎಂಜಿನ್‌ನಲ್ಲೂ ಸೈಲೆನ್ಸರ್‌ನಲ್ಲೂ ನೀರಾಗಿ ಉಳಿದು ತುಕ್ಕಿಗೆ ಕಾರಣವಾಗುತ್ತದೆ. ಚಾಲೂ ಮಾಡುವುದಾದರೆ 20ರಿಂದ 30 ನಿಮಿಷ ರಸ್ತೆಯಲ್ಲಿ ಓಡಿಸಿ. ಅದು ಸಾಧ್ಯವಿಲ್ಲದಿದ್ದರೆ ಮುಟ್ಟದೆ ಬಿಡುವುದೇ ಲೇಸು.

ಮತ್ತೆ ಬಳಸುವ ದಿನ, ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿಗಳು ಗೂಡು ಕಟ್ಟಿವೆಯೇ, ವೈರುಗಳನ್ನು ಕಡಿದಿವೆಯೇ ಎಂದು ತಪ್ಪದೆ ನೋಡಿ, ಆಯಿಲ್ ಮತ್ತು ಕೂಲೆಂಟ್ ಮಟ್ಟವನ್ನು ಪರೀಕ್ಷಿಸಿ. ಸ್ಟಾರ್ಟ್ ಆದ ಕೂಡಲೇ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಒತ್ತಡದ ದೀಪ ಆರಿದ ಮೇಲೆ, ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಓಡಿಸಿ.