ಚಂದ್ರಗಿರಿ ಹೊಳೆ ಗೊತ್ತಿಲ್ಲದೆ ನಾದಿರಾ ಹೇಗೆ ಗೊತ್ತಾಗ್ತಾಳೆ?

ಸಂಪಾದಕರಿಗೆ ನಮಸ್ಕಾರ.

ಕಾದಂಬರಿ ಓದ್ಲಿಕ್ಕೆ ಬರೆದವರ ಬದುಕು ಯಾಕೆ ಗೊತ್ತಿರ್ಬೇಕು ಅಂತ ಕೆಲವರು ಕೇಳ್ತಾರೆ, ನನಗೆ ಅದು ಒಪ್ಪಿಗೆಯೇ ಇಲ್ಲ. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ ಬರೆದ ಸಾರಾ ಅಬೂಬಕ್ಕರ್ 1936ರಲ್ಲಿ ನಮ್ಮ ಕಾಸರಗೋಡಲ್ಲೇ ಹುಟ್ಟಿದವರು, ಮುಸ್ಲಿಂ ಹೆಣ್ಮಕ್ಕಳು ಶಾಲೆಗೆ ಹೋಗುವುದೇ ಅಪರೂಪ ಇದ್ದ ಕಾಲದಲ್ಲಿ ಕನ್ನಡ ಕಲ್ತವರು, 1956ರಲ್ಲಿ ಊರು ಕೇರಳಕ್ಕೆ ಸೇರುವಾಗ ಅವರಿಗೆ ಬರೀ ಇಪ್ಪತ್ತು. ಇಲ್ಲಿನ ಚಂದ್ರಗಿರಿ ಹೊಳೆ ದಡದ ಈ ಕಥೆ ಬೇರೆ ಯಾರಿಗೆ ಬರೀಲಿಕ್ಕೆ ಆಗ್ತಿತ್ತು ಹೇಳಿ?

ಅಪ್ಪನ ಹಟಕ್ಕೆ ಕಥಾನಾಯಕಿ ನಾದಿರಾಗೆ ತಲಾಖ್ ಆಗ್ತದೆ, ಗಂಡನನ್ನು ಪುನಃ ಸೇರ್ಬೇಕಾದ್ರೆ ಒಂದು ರಾತ್ರಿ ಇನ್ನೊಬ್ಬನ ಹೆಂಡತಿ ಆಗ್ಬೇಕು, ಕೊನೆಗೆ ಮಸೀದಿ ಕೆರೆಯಲ್ಲಿ ಮುಳುಗಿ ಸಾಯ್ತಾಳೆ. ಪಕ್ಕದ ಮನೆಯ ಉಮ್ಮನಿಗೆ ಕನ್ನಡ ಓದ್ಲಿಕ್ಕೆ ಬರ್ತಿರಲಿಲ್ಲ, ನಾನು ಜಗಲಿಯಲ್ಲಿ ಕೂತು ಓದಿ ಓದಿ ಮಲಯಾಳದಲ್ಲಿ ಹೇಳ್ತಿದ್ದೆ, ಕೆರೆಯ ಭಾಗ ಬರುವಾಗ ಅವರು ಸುಲೀತಿದ್ದ ಅಡಿಕೆ ಕೈಯಲ್ಲೇ ಹಿಡ್ಕೊಂಡು 'ಇದು ಕಥೆ ಅಲ್ಲ ಮೋಳೇ (ಮಗಳೇ)' ಅಂದ್ರು. ಮತ್ತೆ ತುಂಬಾ ಹೊತ್ತು ಮಾತಿಲ್ಲ.

ಸಾರಾ ತೀರಿಕೊಂಡದ್ದು 2023ರ ಜನವರಿಯಲ್ಲಿ. ಅವರ ಆತ್ಮಕಥೆ 'ಹೊತ್ತು ಕಂತುವ ಮುನ್ನ' ಮತ್ತು ಈ ಕಾದಂಬರಿ ಎರಡನ್ನೂ ಒಟ್ಟಿಗೆ ಇಟ್ಟು ನಿಮ್ಮ ಸಾಪ್ತಾಹಿಕದಲ್ಲಿ ಯಾರಾದ್ರೂ ವಿವರವಾಗಿ ಬರೀಲಿ, ದಯವಿಟ್ಟು.

– ಓದುಗಿ, ಕಾಸರಗೋಡು