ಹತ್ತನೇ ತರಗತಿಯ ಗಣಿತ ಏಳರಲ್ಲೇ ಕೈತಪ್ಪುತ್ತದೆ

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯ ಫಲಿತಾಂಶ ಬಂದ ಮೇಲೆ ನಿಮ್ಮ ಪತ್ರಿಕೆಯಲ್ಲಿ ನಮ್ಮ ಮುಂಬಯಿ ಕನ್ನಡಿಗರ ಮಕ್ಕಳ ಫೋಟೋಗಳು ಬರುತ್ತವೆ. ನೋಡಿ ಖುಷಿಯಾಗುತ್ತದೆ. ಸಂಘಗಳು ಸಭೆ ಕರೆದು ಶಾಲು ಹೊದಿಸುತ್ತವೆ, ವಿದ್ಯಾರ್ಥಿವೇತನ ಕೊಡುತ್ತವೆ. ಇದು ಹೀಗೇ ನಡೆಯಲಿ. ಆದರೆ ಫೋಟೋ ಬಾರದ ಮಕ್ಕಳ ಬಗ್ಗೆ ನನಗೆ ನಾಲ್ಕು ಮಾತು ಹೇಳುವುದಿದೆ. ಅದರಲ್ಲೂ ಬೀಜಗಣಿತದ ಬಗ್ಗೆ.

ನಾನು ನಿವೃತ್ತ ಗಣಿತ ಶಿಕ್ಷಕಿ. ಡೊಂಬಿವಲಿಯ ನಮ್ಮ ಮನೆಗೆ ಸಂಜೆ ಹೊತ್ತು ಅಕ್ಕಪಕ್ಕದ ಕನ್ನಡ, ತುಳು ಮನೆಗಳ ಮಕ್ಕಳು ಬರುತ್ತಾರೆ. ಫೀಸು ತೆಗೆದುಕೊಳ್ಳುವುದಿಲ್ಲ. ಬರುವವರು ಹೆಚ್ಚಾಗಿ ಒಂಬತ್ತು, ಹತ್ತನೇ ತರಗತಿಯವರು. ಮಹಾರಾಷ್ಟ್ರ ಬೋರ್ಡಿನಲ್ಲಿ ಆ ಎರಡು ವರ್ಷ ಬೀಜಗಣಿತವೇ ಬೇರೆ ಪುಸ್ತಕ, ಬೇರೆ ಪೇಪರು. ಭಾಗ 1 ಬೀಜಗಣಿತ, ಭಾಗ 2 ರೇಖಾಗಣಿತ. ಹತ್ತರಲ್ಲಿ ತಲಾ 40 ಅಂಕಗಳ ಲಿಖಿತ ಪರೀಕ್ಷೆ. ಹಾಗಾಗಿ 'ಆಲ್ಜೀಬ್ರಾದಲ್ಲಿ ಹೋಯ್ತು ಟೀಚರ್' ಎಂದು ಮಕ್ಕಳು ಅದನ್ನು ಬೇರೆಯಾಗಿಯೇ ಹೇಳುತ್ತಾರೆ.

ಹೊಸದಾಗಿ ಬಂದ ಮಗುವಿಗೆ ನಾನು ವರ್ಗ ಸಮೀಕರಣ ಕೊಡುವುದಿಲ್ಲ. ಚೀಟಿಯಲ್ಲಿ 8 + 4 = □ + 5 ಎಂದು ಬರೆದು ಮುಂದಿಡುತ್ತೇನೆ. ಖಾಲಿ ಜಾಗದಲ್ಲಿ ಎಷ್ಟು? ಒಂಬತ್ತನೇ ತರಗತಿಯ ಮಕ್ಕಳೂ 12 ಅಂತ ಬರೆಯುತ್ತಾರೆ. ಕೆಲವರು 17. ಸರಿಯಾದದ್ದು 7. ಕೂಡುವುದು ಬಾರದೆ ತಪ್ಪಿದ್ದಲ್ಲ ಇದು. ಒಂದನೇ ತರಗತಿಯಿಂದಲೂ '=' ಎಂಬ ಆ ಎರಡು ಗೆರೆ ಕಂಡಾಗೆಲ್ಲ ಅವರು ಉತ್ತರ ಬರೆದಿದ್ದಾರೆ. ಅವರ ಪಾಲಿಗೆ ಅದು 'ಈಗ ಉತ್ತರ ಬರೆ' ಎನ್ನುವ ಗುರುತು. ಎಡಕ್ಕಿರುವುದೂ ಬಲಕ್ಕಿರುವುದೂ ಒಂದೇ ತೂಕ ಎಂದು ಯಾರೂ ತಕ್ಕಡಿ ಹಿಡಿದು ತೋರಿಸಿಲ್ಲ. ಸಮೀಕರಣ ಎಂಬ ಮಾತಿನಲ್ಲೇ 'ಸಮ' ಇದೆ. ಕನ್ನಡದಲ್ಲೂ ಮರಾಠಿಯಲ್ಲೂ ಅದೇ ಪದ. ಇಕ್ವೇಶನ್ ಎಂದಷ್ಟೇ ಕಲಿತ ಮಗುವಿಗೆ ಒಮ್ಮೆ ಈ ಪದ ಬಿಡಿಸಿ ಹೇಳಿ ನೋಡಿ, ಮುಖ ಬದಲಾಗುತ್ತದೆ.

ತಕ್ಕಡಿ ಗೊತ್ತಿಲ್ಲದಿದ್ದರೆ ಮುಂದಿನದೆಲ್ಲ ಬಾಯಿಪಾಠ. 'ಆ ಕಡೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ' ಎಂದು ಎಲ್ಲೋ ಕಲಿತಿರುತ್ತಾರೆ. ಯಾಕೆ ಆಗುತ್ತದೆ? ಎರಡೂ ತಟ್ಟೆಯಿಂದ ಅಷ್ಟಷ್ಟೇ ತೆಗೆದಿದ್ದೇವೆ, ಅದಕ್ಕೆ. ಇದನ್ನು ಹೇಳಲು ಹತ್ತು ನಿಮಿಷ ಸಾಕು. ಹೇಳದಿದ್ದರೆ 3ಎಕ್ಸ್ = 12 ಬಂದಾಗ ಮಗು ಮೂರನ್ನು ಆ ಕಡೆ ಒಯ್ದು, 12ರಿಂದ ಕಳೆದು, 9 ಅಂತ ಬರೆಯುತ್ತದೆ. 'ನೀವು ಹೇಳಿದ ಹಾಗೇ ಮಾಡಿದೆನಲ್ಲ' ಎಂದು ಕೇಳುತ್ತದೆ. ಹೇಳಿಕೊಟ್ಟ ಹಾಗೇ ಮಾಡಿದೆ, ಪಾಪ.

ಕಳೆದ ವರ್ಷ ಎಂಟನೇ ತರಗತಿಯ ಒಬ್ಬ ಹುಡುಗ ಬಂದ. ತಂದೆ ಒಂದು ಹೋಟೆಲಿನಲ್ಲಿ ಕ್ಯಾಷಿಯರ್. 'ಇವನ ತಲೆಗೆ ಗಣಿತ ಹತ್ತುವುದಿಲ್ಲ ಟೀಚರ್' ಎಂದು ತಾಯಿ ಅವನ ಎದುರಿಗೇ ಹೇಳಿದರು. ಅವರು ಹೋದ ಮೇಲೆ ನಾನು ಕೇಳಿದೆ. ಒಂದು ಟೇಬಲ್ಲಿನವರು ಎರಡು ಪ್ಲೇಟ್ ಇಡ್ಲಿ, ಒಂದು ಚಾ ತಗೊಂಡರು. ಬಿಲ್ಲು 100 ರೂಪಾಯಿ. ಪಕ್ಕದ ಟೇಬಲ್ಲಿಗೆ ಎರಡು ಪ್ಲೇಟ್ ಇಡ್ಲಿ, ಮೂರು ಚಾ. ಬಿಲ್ಲು 140. ಚಾಕ್ಕೆ ಎಷ್ಟು?

'ಇಪ್ಪತ್ತು' ಅಂದ. ಪೆನ್ನು ಮುಟ್ಟಲೇ ಇಲ್ಲ.

ಹೇಗೆ?

'ಎರಡು ಚಾ ಜಾಸ್ತಿ, 40 ರೂಪಾಯಿ ಜಾಸ್ತಿ, ಅಲ್ವಾ?'

ಇಡ್ಲಿ ಪ್ಲೇಟಿಗೆ 40 ಅಂತಲೂ ತಾನೇ ಹೇಳಿದ. ಅವನು ಮಾಡಿದ್ದು ಹತ್ತನೇ ತರಗತಿ ಬೀಜಗಣಿತದ ಮೊದಲನೇ ಪಾಠ. ಎರಡು ಸಮೀಕರಣ ಇಟ್ಟುಕೊಂಡು, ಒಂದರಿಂದ ಇನ್ನೊಂದನ್ನು ಕಳೆದು, ಒಂದು ಅಕ್ಷರವನ್ನು ತೆಗೆದುಬಿಡುವುದು.

ಅದನ್ನೇ ಬರೆಯಲು ಕೂತೆವು. 2ಇ + ಚ = 100. 2ಇ + 3ಚ = 140. ಇ ಅಂದರೆ ಏನು ಎಂದು ಕೇಳಿದೆ. 'ಇಡ್ಲಿ' ಅಂದ. ಮಕ್ಕಳು ಎಡವುವುದು ಇಲ್ಲೇ. ಇ ಅಂದರೆ ಇಡ್ಲಿಯಲ್ಲ, ಒಂದು ಪ್ಲೇಟ್ ಇಡ್ಲಿಯ ಬೆಲೆ. ಅದು ಒಂದು ಸಂಖ್ಯೆ. ಎ ಅಂದರೆ ಆ್ಯಪಲ್, ಬಿ ಅಂದರೆ ಬನಾನಾ ಎಂದು ಕಲಿಸುವವರು ಇನ್ನೂ ಇದ್ದಾರೆ. ಕೂಡುವವರೆಗೆ ಅದು ಸುಲಭ. ಎ ಮತ್ತು ಬಿ ಗುಣಿಸಬೇಕಾಗಿ ಬಂದಾಗ ಮಗು ಆ್ಯಪಲ್ಲನ್ನು ಬನಾನಾದಿಂದ ಹೇಗೆ ಗುಣಿಸಬೇಕು?

ಇನ್ನೊಂದು ಕೊಟ್ಟೆ. ಆರು ಟೇಬಲ್ಲಿಗೆ ಒಬ್ಬ ಸಪ್ಲಾಯರ್. ಟೇಬಲ್ಲುಗಳ ಸಂಖ್ಯೆ ಟ, ಸಪ್ಲಾಯರ್‌ಗಳ ಸಂಖ್ಯೆ ಸ. ಈಗ ಬರಿ. 6ಟ = ಸ ಎಂದು ಬರೆದ. ದೊಡ್ಡವರೂ ಹಾಗೇ ಬರೆಯುತ್ತಾರೆ. ಮಾತಿನಲ್ಲಿ 'ಆರು ಟೇಬಲ್' ಮೊದಲು ಬರುತ್ತದಲ್ಲ, ಕೈ ಅದನ್ನೇ ಬರೆಯುತ್ತದೆ. ಸರಿ, ನಾಲ್ಕು ಜನ ಸಪ್ಲಾಯರ್ ಇದ್ದರೆ ಟೇಬಲ್ ಎಷ್ಟು ಎಂದೆ. 24 ಅಂದ. ನೀನು ಬರೆದದ್ದರಲ್ಲಿ ಟ ಇರುವ ಕಡೆ 24 ಹಾಕು ಎಂದೆ. 144 ಜನ ಸಪ್ಲಾಯರ್ ಆದರು. ಹುಡುಗ ಒಂದು ನಿಮಿಷ ಸುಮ್ಮನೆ ಹಾಳೆ ನೋಡಿದ. ಆಮೇಲೆ ತಾನೇ ಹೊಡೆದುಹಾಕಿ ಟ = 6ಸ ಎಂದು ಬರೆದ. ಆ ಒಂದು ನಿಮಿಷವನ್ನು ನಾವು ಮಕ್ಕಳಿಗೆ ಕೊಡುತ್ತಿಲ್ಲ ಸಂಪಾದಕರೇ.

ಶಾಲೆಯ ಶಿಕ್ಷಕರನ್ನು ನಾನು ದೂರುವುದಿಲ್ಲ. ತುಂಬಿದ ತರಗತಿ, ಮುಗಿಸಲೇಬೇಕಾದ ಪಾಠಗಳು. ನಾನೂ ಹಾಗೇ ಓಡಿದವಳು.

ಅಕ್ಷರ ಕಂಡು ಹೆದರುವ ಮಕ್ಕಳಿಗೆ ನಾನು ಭಾಸ್ಕರಾಚಾರ್ಯರ ವಿಷಯ ಹೇಳುತ್ತೇನೆ. ಅವರು 12ನೇ ಶತಮಾನದವರು. ಗೊತ್ತಿಲ್ಲದ ಸಂಖ್ಯೆಯನ್ನು ಅವರು 'ಯಾವತ್ ತಾವತ್' ಅಂದರು. ಅಂದರೆ ಎಷ್ಟೋ ಅಷ್ಟು. ಗೊತ್ತಿಲ್ಲದ್ದು ಇನ್ನೂ ಇದ್ದರೆ ಕಾಲಕ, ನೀಲಕ ಎಂದು ಬಣ್ಣದ ಹೆಸರು. ಬರೆಯುವಾಗ ಮೊದಲ ಅಕ್ಷರ ಮಾತ್ರ: ಯಾ, ಕಾ, ನೀ. ಎಕ್ಸ್ ಅನ್ನು ಸ್ವಲ್ಪ ದಿನ 'ಎಷ್ಟೋ ಅಷ್ಟು' ಎಂದೇ ಓದಿಸಿ. 'ಎಷ್ಟೋ ಅಷ್ಟಕ್ಕೆ 5 ಕೂಡಿದರೆ 12' ಅಂದರೆ ಆರನೇ ತರಗತಿಯ ಮಗು 7 ಎಂದು ಥಟ್ಟನೆ ಹೇಳುತ್ತದೆ.

ಮೈನಸ್ಸಿನದೂ ಹಾಗೆಯೇ. ಗಣಿತಜ್ಞ ಬ್ರಹ್ಮಗುಪ್ತರು 628ರಲ್ಲೇ ಧನ, ಋಣ ಎಂದು ಹೆಸರಿಟ್ಟು ನಿಯಮ ಬರೆದರು. ಸೊನ್ನೆಯಿಂದ ಋಣ ಕಳೆದರೆ ಧನ. ಕನ್ನಡದಲ್ಲಿ ನಾವು ಇವತ್ತಿಗೂ ಋಣ ಸಂಖ್ಯೆ ಅನ್ನುತ್ತೇವೆ, ಆದರೆ ಋಣ ಅಂದರೆ ಸಾಲ ಎಂದು ಮಗುವಿಗೆ ಹೇಳುವುದಿಲ್ಲ. ಅಂಗಡಿಯವನು ನಿನ್ನ 50 ರೂಪಾಯಿ ಸಾಲ ಬಿಟ್ಟುಬಿಟ್ಟರೆ ನಿನಗೆ 50 ರೂಪಾಯಿ ಸಿಕ್ಕ ಹಾಗೇ ಅಲ್ವಾ? ಮೈನಸ್ಸಿನ ಮೈನಸ್ಸು ಪ್ಲಸ್ ಯಾಕೆ ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಇದೆಲ್ಲ ಆರು, ಏಳು, ಎಂಟನೇ ತರಗತಿಯಲ್ಲಿ ಆಗಬೇಕಾದ ಕೆಲಸ. ನಮ್ಮ ಸಂಘಗಳ ಸಹಾಯ ಬರುವುದು ಹತ್ತರಲ್ಲಿ. ಅಷ್ಟು ಹೊತ್ತಿಗೆ ಮಗು 'ನನಗೆ ಗಣಿತ ಬರುವುದಿಲ್ಲ' ಎಂದು ನಂಬಿ ಮೂರು ವರ್ಷ ಆಗಿರುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಮೆಟ್ರಿಕ್ ಪಾಸಾದವರು ಕಟ್ಟಿದ ಸಂಘಗಳು ಇಲ್ಲಿ ಎಷ್ಟೋ ಇವೆ. ಅವುಗಳ ಸಭಾಗೃಹಗಳು ಭಾನುವಾರ ಬೆಳಿಗ್ಗೆ ಎಷ್ಟೋ ಸಲ ಖಾಲಿ ಇರುತ್ತವೆ. ಬ್ಯಾಂಕುಗಳಿಂದ ನಿವೃತ್ತರಾದ ನಮ್ಮವರು ಪ್ರತಿ ಬಡಾವಣೆಯಲ್ಲಿ ಇದ್ದಾರೆ. ಅವರಿಗೆ ಲೆಕ್ಕ ಬರುತ್ತದೆ, ತಾಳ್ಮೆಯೂ ಇದೆ. ಒಂದು ಗಂಟೆ, ಹತ್ತು ಮಕ್ಕಳು, ಒಂದು ಕರಿಹಲಗೆ ಸಾಕು. ಪರೀಕ್ಷೆ ಬೇಡ, ಅಂಕ ಬೇಡ. ಮಗು ತಪ್ಪು ಬರೆದರೆ ಒಡನೆ ತಿದ್ದಬಾರದು. ಸಂಖ್ಯೆ ಹಾಕಿ ಅದೇ ನೋಡಲಿ.

ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಸಂಘಗಳು ನೋಟ್‌ಬುಕ್ ಹಂಚುತ್ತವೆ. ಆ ದಿನ ಏಳನೇ ತರಗತಿಯ ಮಕ್ಕಳ ಹೆಸರು ಬೇರೆಯಾಗಿ ಬರೆದುಕೊಳ್ಳಿ ಎಂದು ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಮೊದಲ ಕೆಲವು ಭಾನುವಾರ ಹೇಗೆ ಶುರುಮಾಡುವುದು ಎಂದು ತೋರಿಸಲು ಯಾರಾದರೂ ಬೇಕಿದ್ದರೆ ಥಾಣೆಯಿಂದ ಕಲ್ಯಾಣದವರೆಗೆ ಎಲ್ಲಿಗೆ ಕರೆದರೂ ಬರುತ್ತೇನೆ. ತಕ್ಕಡಿ ನಾನೇ ತರುತ್ತೇನೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ,
ಡೊಂಬಿವಲಿ ಪೂರ್ವ