ಕೆರೆಗೆ ಬಂದ ನೀರಿನ ಫಲವನ್ನು ನಮ್ಮ ವಿಶ್ವವಿದ್ಯಾಲಯವೇ ಅಳೆಯಲಿ

ಮಾನ್ಯ ಸಂಪಾದಕರೇ,

ಕೋಲಾರ, ಚಿಕ್ಕಬಳ್ಳಾಪುರ ಭಾಗದ ಹಳ್ಳಿಗಳ ಮಕ್ಕಳೂ ಈಗ ಡೇಟಾ ಸೈನ್ಸ್ ಓದಲು ಮುಂದೆ ಬರುತ್ತಿರುವುದು ಸಂತೋಷದ ವಿಷಯ. ಆದರೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳನ್ನು ತೆರೆದರೆ ಮತ್ತೆ ಮತ್ತೆ ಎದುರಾಗುವುದು ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ, ಬಾಸ್ಟನ್ ನಗರದ ಮನೆಗಳ ಬೆಲೆ, ಇಲ್ಲವೇ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1936ರಲ್ಲಿ ಬಳಸಿಕೊಂಡ 150 ಐರಿಸ್ ಹೂಗಳ ಅಳತೆ. ಕೈ ಪಳಗಿಸಿಕೊಳ್ಳಲು ಇವು ಸಾಕು. ಸಂಶೋಧನೆ ಎನ್ನಲು ಸಾಲವು. ಅರ್ಥಮಿತಿ ಶಾಸ್ತ್ರದಲ್ಲಿ, ಅಂದರೆ ಆರ್ಥಿಕ ಪ್ರಶ್ನೆಗಳಿಗೆ ಅಂಕಿಅಂಶಗಳಿಂದ ಉತ್ತರ ಹುಡುಕುವ ಎಕನಾಮೆಟ್ರಿಕ್ಸ್‌ನಲ್ಲಿ, ನಿಜಕ್ಕೂ ಕಠಿಣವಾದ, ಜನರಿಗೆ ಬೇಕಾದ ಪ್ರಶ್ನೆಯೊಂದು ನಮ್ಮ ಊರುಗಳ ಕೆರೆ ಅಂಗಳದಲ್ಲೇ ಇದೆ.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಗೆ ಬಂದಿತು. ದಿನಕ್ಕೆ 44 ಕೋಟಿ ಲೀಟರ್ ಹರಿಸಿ, ಒಂದು ಕೆರೆ ಕೋಡಿ ಬಿದ್ದ ಮೇಲೆ ಮುಂದಿನ ಕೆರೆಗೆ ಎಂಬಂತೆ, ಮೊದಲ ಹಂತದಲ್ಲಿ ಕೋಲಾರ ಭಾಗದ 126 ಕೆರೆಗಳನ್ನು ತುಂಬಿಸುವುದು ಅದರ ಗುರಿ. ಅಂದಿನಿಂದ ಜಿಲ್ಲೆಯಲ್ಲಿ ವಾದ ನಿಂತಿಲ್ಲ. ಬತ್ತಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ಎರಡು ಇಂಚು ನೀರು ಬಂದಿದೆ ಎಂದು ಒಬ್ಬ ರೈತರು ಹೇಳಿದರೆ, ಅದು 2021ರ ಮಳೆಯ ಪುಣ್ಯ ಎಂದು ಪಕ್ಕದವರು ಹೇಳುತ್ತಾರೆ. ಎರಡನೇ ಹಂತದ ಬಳಿಕವೂ ಉಳಿಯುವ ಕಲ್ಮಶವನ್ನು ತೆಗೆಯುವ ಮೂರನೇ ಹಂತದ ಶುದ್ಧೀಕರಣವಿಲ್ಲದ ನೀರು ಲಾಭಕ್ಕಿಂತ ಹೆಚ್ಚು ಹಾನಿ ಮಾಡೀತು ಎಂದು ಹೋರಾಟಗಾರರು ಎಚ್ಚರಿಸುತ್ತಲೇ ಇದ್ದಾರೆ. ಮಳೆಯ ಪಾಲೆಷ್ಟು, ಕೊಳವೆಯಲ್ಲಿ ಬಂದ ನೀರಿನ ಪಾಲೆಷ್ಟು ಎಂದು ಬಿಡಿಸಿ ತೋರಿಸುವುದೇ ಅರ್ಥಮಿತಿಯ ಕೆಲಸ.

ದಾರಿ ಹೊಸದಲ್ಲ. ಲಂಡನ್ನಿನಲ್ಲಿ ಒಂದು ನೀರಿನ ಕಂಪನಿ 1852ರಲ್ಲಿ ತಾನು ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ ಬದಲಿಸಿತು, ಇನ್ನೊಂದು ಬದಲಿಸಲಿಲ್ಲ. ಎರಡರ ಗ್ರಾಹಕರಲ್ಲಿ ಕಾಲರಾ ಸಾವುಗಳನ್ನು ಹೋಲಿಸಿದ ವೈದ್ಯ ಜಾನ್ ಸ್ನೋ, ರೋಗ ಹರಡುವುದು ನೀರಿನಿಂದ ಎಂದು ತೋರಿಸಿದರು. ಹೀಗೆ ತಾನಾಗಿ ಒದಗಿದ ಸನ್ನಿವೇಶವನ್ನು ಪ್ರಯೋಗದಂತೆ ಓದುವ ವಿಧಾನಗಳಿಗೇ 2021ರಲ್ಲಿ ಡೇವಿಡ್ ಕಾರ್ಡ್, ಜೋಶುವಾ ಆಂಗ್ರಿಸ್ಟ್ ಮತ್ತು ಗೈಡೊ ಇಂಬೆನ್ಸ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಸಂದಿತು. ನಮ್ಮಲ್ಲಿ ಕೆಲವು ಕೆರೆಗಳಿಗೆ ನೀರು ಮೊದಲು ಬಂತು, ಕೆಲವಕ್ಕೆ ತಡವಾಗಿ, ಕೆಲವಕ್ಕೆ ಬರಲೇ ಇಲ್ಲ. ಮಳೆ ಮಾತ್ರ ಎಲ್ಲ ಕಡೆಯೂ ಬಿತ್ತು. ನೀರು ಬಂದ ಊರಿನಲ್ಲಿ ಅಂತರ್ಜಲ ಏರಿದ ಪ್ರಮಾಣದಿಂದ ಬಾರದ ಊರಿನಲ್ಲಿ ಏರಿದ್ದನ್ನು ಕಳೆದರೆ ಉಳಿಯುವುದು, ಹೆಚ್ಚುಕಡಿಮೆ, ಯೋಜನೆಯ ಫಲ. ಆದಾಯದ ಲೆಕ್ಕಕ್ಕೂ ಇದೇ ಕ್ರಮ ಬೇಕು. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿದಾಗ ಲಾಭ ಕಂಡವರು ಕೆರೆ ತುಂಬಿದ ಊರಿನವರು ಮಾತ್ರವಲ್ಲ. ಆ ವರ್ಷದ ಆದಾಯವನ್ನಷ್ಟೇ ನೋಡಿ ಯೋಜನೆಯನ್ನು ಹೊಗಳಿದರೆ ಅದು ತಪ್ಪು ಲೆಕ್ಕವಾಗುತ್ತದೆ.

ಹೆಚ್ಚುಕಡಿಮೆ ಎಂದದ್ದಕ್ಕೆ ಕಾರಣವಿದೆ. ಕಾಲುವೆಯ ಸಾಲಿನಲ್ಲಿರುವ ಕೆರೆಗಳು ತಗ್ಗಿನಲ್ಲಿರುವುದರಿಂದ ಮಳೆ ನೀರನ್ನೂ ಹೆಚ್ಚು ಹಿಡಿಯುತ್ತವೆ. ನಮ್ಮದು ಗಟ್ಟಿ ಬಂಡೆಯ ನೆಲ. ಇಂಗಿದ ನೀರು ಬಂಡೆಯ ಸೀಳು ಹಿಡಿದು ಪಕ್ಕದೂರಿನ ಬೋರ್‌ವೆಲ್‌ಗೂ ಹೋಗಬಹುದು, ಆಗ ಹೋಲಿಕೆಗೆಂದು ಆರಿಸಿಕೊಂಡ ಊರೇ ಕೆಡುತ್ತದೆ. ಇಂಥ ತೊಡಕುಗಳನ್ನು ಬಿಡಿಸುವುದರಲ್ಲೇ ಒಳ್ಳೆಯ ಪಿಎಚ್‌ಡಿ ಪ್ರಬಂಧವೊಂದು ಹುಟ್ಟುತ್ತದೆ. ಡೇಟಾ ಸೈನ್ಸ್ ಕಲಿತವರ ನೆರವು ಇಲ್ಲಿ ಅತ್ಯಗತ್ಯ: ಸೆಂಟಿನೆಲ್-2 ಉಪಗ್ರಹಗಳು 2017ರಿಂದ ಸುಮಾರು 5 ದಿನಕ್ಕೊಮ್ಮೆ, 10 ಮೀಟರ್ ಸೂಕ್ಷ್ಮತೆಯಲ್ಲಿ ತೆಗೆದಿರುವ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಯಾವ ಊರಿನ ಹೊಲಗಳು ಏಪ್ರಿಲ್ ಬಿಸಿಲಿನಲ್ಲೂ ಹಸಿರಾಗಿದ್ದವು ಎಂಬುದನ್ನು, ನೀರು ಬರುವ ಹಿಂದಿನ ವರ್ಷದಿಂದಲೂ, ಅವುಗಳಲ್ಲಿ ಓದಬಹುದು. ನೀರಿನ ಗುಣಮಟ್ಟ ಮಾತ್ರ ಆಕಾಶದಿಂದ ಕಾಣದು. ಅದಕ್ಕೆ ಬಾವಿ ಬಾವಿಗೂ ಹೋಗಿ ಮಾದರಿ ತರಲೇಬೇಕು.

ಬೆಂಗಳೂರು ಉತ್ತರ ವಿಶ್ವವಿದ್ಯಾಲಯವು ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಶೋಧಕರನ್ನು ಒಂದೇ ತಂಡವಾಗಿ ಈ ಕೆಲಸಕ್ಕೆ ಕೂರಿಸಬೇಕೆಂಬುದು ನನ್ನ ಕಳಕಳಿಯ ಮನವಿ. ಸಣ್ಣ ನೀರಾವರಿ ಇಲಾಖೆಯು ಯಾವ ಕೆರೆಗೆ ಯಾವ ದಿನ ನೀರು ತಲುಪಿತು, ಎಷ್ಟು ಕಾಲ ನಿಂತಿತ್ತು ಎಂಬ ವಿವರವನ್ನೂ, ಅಂತರ್ಜಲ ನಿರ್ದೇಶನಾಲಯವು ವೀಕ್ಷಣಾ ಬಾವಿಗಳ ಮಟ್ಟವನ್ನೂ ಎಕ್ಸೆಲ್ ರೂಪದಲ್ಲಿ ಈ ತಂಡಕ್ಕೆ ಕೊಡಬೇಕು. ಮುದ್ರಿತ ವರದಿಯ ಸ್ಕ್ಯಾನ್ ಪ್ರತಿಯಿಂದ ಒಂದೊಂದೇ ಅಂಕಿಯನ್ನು ಮತ್ತೆ ಟೈಪ್ ಮಾಡುವುದರಲ್ಲೇ ಸಂಶೋಧನಾ ವಿದ್ಯಾರ್ಥಿಯ ವರ್ಷ ಕಳೆದುಹೋಗಬಾರದು. ಇದು ತಡಮಾಡುವ ಕೆಲಸವೂ ಅಲ್ಲ. ಇನ್ನೂ ನೀರು ತಲುಪದ ಕೆರೆಗಳ ಸುತ್ತಲಿನ ಬಾವಿಗಳ ಮಟ್ಟ, ನೀರಿನ ಗುಣ, ಬೆಳೆ ಮತ್ತು ಕೂಲಿಯ ವಿವರವನ್ನು ಈಗಲೇ ದಾಖಲಿಸಿಕೊಳ್ಳಬೇಕು, ಏಕೆಂದರೆ ಆ ಕೆರೆಗಳು ಒಮ್ಮೆ ತುಂಬಿದ ಮೇಲೆ ಮೊದಲಿನ ಸ್ಥಿತಿಯನ್ನು ಅಳೆಯಲು ಯಾರಿಂದಲೂ ಆಗದು.

ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಕೋಲಾರ